ಮನೆಯ ಎಲ್ಲ ಕಂಪ್ಯೂಟರ್‌ಗಳಲ್ಲೂ ಒಂದೇ ಕಾಂಟ್ಯಾಕ್ಟ್ ಪಟ್ಟಿ: ವಿಂಡೋಸ್, ಲಿನಕ್ಸ್, ಮ್ಯಾಕ್ ಒಟ್ಟಿಗಿರುವ ಮನೆಗೆ ಮಾರ್ಗದರ್ಶಿ

ಹಾಲ್‌ನಲ್ಲಿ ವಿಂಡೋಸ್ ಇರುವ ಹಳೆಯ ಡೆಸ್ಕ್‌ಟಾಪ್, ಮಗನ ಲ್ಯಾಪ್‌ಟಾಪ್‌ನಲ್ಲಿ ಉಬುಂಟು ಎಂಬ ಲಿನಕ್ಸ್, ಮಗಳ ಬಳಿ ಮ್ಯಾಕ್‌ಬುಕ್, ಎಲ್ಲರ ಕೈಯಲ್ಲೂ ಫೋನ್. ಇಂಥ ಮನೆಗಳವರು ಮತ್ತೆ ಮತ್ತೆ ಕೇಳುವುದು ಇಷ್ಟೇ: ಒಂದು ಕಡೆ ತಿದ್ದಿದ ಫೋನ್ ನಂಬರ್ ಎಲ್ಲ ಕಡೆಯೂ ತಾನಾಗಿಯೇ ಬದಲಾಗುವಂತೆ ಮಾಡುವುದು ಹೇಗೆ? ಫೈಲ್ ಅನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಒಂದೊಂದು ಯಂತ್ರಕ್ಕೂ ಇಂಪೋರ್ಟ್ ಮಾಡಿದವರಿಗೆಲ್ಲ ಒಂದೇ ಹೆಸರು ಮೂರು ಮೂರು ಸಲ ಕಾಣಿಸಿಕೊಂಡು, ಯಾವುದು ಸರಿಯಾದ ನಂಬರ್ ಎಂಬುದೇ ತಿಳಿಯದಂತಾಗಿರುತ್ತದೆ.

ಹಾಗಾಗುವುದಕ್ಕೆ ಕಾರಣವಿದೆ. ನಕಲು ಮಾಡುವುದು ಬೇರೆ, ಸಿಂಕ್ ಮಾಡುವುದು ಬೇರೆ. ನಕಲು ಮಾಡಿದಾಗ ಎರಡು ಪಟ್ಟಿಗಳು ಹುಟ್ಟುತ್ತವೆ ಮತ್ತು ಆ ಕ್ಷಣದಿಂದಲೇ ಅವು ಬೇರೆ ಬೇರೆ ದಾರಿ ಹಿಡಿಯುತ್ತವೆ. ಸಿಂಕ್‌ನಲ್ಲಿ ಅಸಲು ಪಟ್ಟಿ ಒಂದೇ ಇರುತ್ತದೆ. ಅದು ಒಂದು ಸರ್ವರ್‌ನಲ್ಲಿ, ಅಂದರೆ ಸದಾ ಚಾಲನೆಯಲ್ಲಿದ್ದು ಬೇರೆ ಯಂತ್ರಗಳ ಕೋರಿಕೆಗೆ ಉತ್ತರಿಸುವ ಕಂಪ್ಯೂಟರ್‌ನಲ್ಲಿ, ಇರುತ್ತದೆ ಮತ್ತು ಮನೆಯ ಯಂತ್ರಗಳೆಲ್ಲ ಅದನ್ನೇ ನೋಡುತ್ತವೆ, ಅದನ್ನೇ ತಿದ್ದುತ್ತವೆ. ಈ ಲೇಖನದ ಎಲ್ಲ ಹಂತಗಳೂ ಆ ಒಂದು ಅಸಲು ಪಟ್ಟಿಯನ್ನು ಕಟ್ಟಿ, ಅದನ್ನು ಕಾಪಾಡಿಕೊಳ್ಳುವುದಕ್ಕಾಗಿಯೇ ಇವೆ.

ಮೊದಲು ಮೂರು ಪದಗಳ ಪರಿಚಯ

ವಿಕಾರ್ಡ್ ಎಂದರೆ ಒಬ್ಬ ವ್ಯಕ್ತಿಯ ಹೆಸರು, ಫೋನ್, ಇಮೇಲ್, ವಿಳಾಸಗಳನ್ನು ಬರೆದಿಡುವ ಸರಳ ಪಠ್ಯದ ನಮೂನೆ. ಇದರ ಫೈಲ್‌ಗಳ ಹೆಸರು ‘ವಿಸಿಎಫ್’ ಎಂದು ಕೊನೆಯಾಗುತ್ತದೆ. ಇದರಲ್ಲಿ 2.1, 3.0, 4.0 ಎಂಬ ಆವೃತ್ತಿಗಳಿವೆ, 3.0 ಹೆಚ್ಚು ಕಡೆ ತೊಂದರೆಯಿಲ್ಲದೆ ನಡೆಯುತ್ತದೆ.

ಕಾರ್ಡ್‌ಡ್ಯಾವ್ ಎಂದರೆ ಆ ವಿಕಾರ್ಡ್‌ಗಳನ್ನು ಸರ್ವರ್‌ನಿಂದ ಪಡೆಯುವುದಕ್ಕೂ ಸರ್ವರ್‌ಗೆ ಒಪ್ಪಿಸುವುದಕ್ಕೂ ಇರುವ ನಿಯಮಗಳ ಒಪ್ಪಂದ. 2011ರಲ್ಲಿ ಮಾನಕವಾಗಿ ಪ್ರಕಟವಾದ ಇದು ಯಾವ ಒಂದು ಕಂಪನಿಯ ಸ್ವತ್ತೂ ಅಲ್ಲ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಇದನ್ನು ಬಲ್ಲ ತಂತ್ರಾಂಶಗಳು ಇರುವುದರಿಂದಲೇ ನಮ್ಮ ಕೆಲಸ ಸಾಧ್ಯವಾಗುತ್ತದೆ.

ಯುಐಡಿ ಎಂದರೆ ಪ್ರತಿ ವಿಕಾರ್ಡ್‌ನೊಳಗೆ ಇರುವ ಗುರುತಿನ ಸಂಖ್ಯೆ. ಸಿಂಕ್ ಮಾಡುವ ತಂತ್ರಾಂಶ ವ್ಯಕ್ತಿಯನ್ನು ಹೆಸರಿನಿಂದಲ್ಲ, ಈ ಸಂಖ್ಯೆಯಿಂದ ಗುರುತಿಸುತ್ತದೆ. ‘ಸುಬ್ಬಣ್ಣ ಪ್ಲಂಬರ್’ ಎಂಬ ಒಂದೇ ಹೆಸರು, ಒಂದೇ ನಂಬರ್ ಇದ್ದರೂ ಯುಐಡಿ ಬೇರೆಯಾದರೆ ಅದರ ಪಾಲಿಗೆ ಇಬ್ಬರು ಸುಬ್ಬಣ್ಣಂದಿರು ಇದ್ದಾರೆ. ಒಂದೇ ಪಟ್ಟಿಯನ್ನು ಮೂರು ಯಂತ್ರಗಳಲ್ಲಿ ಬೇರೆ ಬೇರೆಯಾಗಿ ಇಂಪೋರ್ಟ್ ಮಾಡಿ ಆಮೇಲೆ ಸಿಂಕ್ ಶುರು ಮಾಡಿದರೆ ಹೆಸರುಗಳು ಮೂರು ಪಟ್ಟಾಗುವುದು ಹೀಗೆ.

ಹಂತ 1: ಅಸಲು ಪಟ್ಟಿ ಎಲ್ಲಿರಬೇಕು ಎಂದು ತೀರ್ಮಾನಿಸಿ

ಪಟ್ಟಿ ನಿಮ್ಮೊಬ್ಬರದೇ ಆಗಿದ್ದು, ಕೈಯಲ್ಲಿ ಆಂಡ್ರಾಯ್ಡ್ ಫೋನ್ ಇದ್ದರೆ, ಅದರ ಬಹುಪಾಲು ಈಗಾಗಲೇ ನಿಮ್ಮ ಗೂಗಲ್ ಖಾತೆಯಲ್ಲಿರುವ ಸಾಧ್ಯತೆ ಹೆಚ್ಚು. ಆಗ ಅದನ್ನೇ ಅಸಲು ಎಂದು ಇಟ್ಟುಕೊಳ್ಳಿ. ಬೇರೆ ಏರ್ಪಾಡು ಬೇಕಿಲ್ಲ. ಒಂದು ಖಾತೆಯಲ್ಲಿ ಸಾವಿರಾರು ಕಾಂಟ್ಯಾಕ್ಟ್‌ಗಳನ್ನು ಇಡಬಹುದಾದ್ದರಿಂದ ಜಾಗದ ಚಿಂತೆಯೂ ಇಲ್ಲ.

ಆದರೆ ಗಂಡ, ಹೆಂಡತಿ, ಮಕ್ಕಳು ಎಲ್ಲರೂ ಒಂದೇ ಪಟ್ಟಿಯನ್ನು ನೋಡಬೇಕು, ಎಲ್ಲರೂ ತಿದ್ದಬೇಕು ಎಂದಾದರೆ ಸಾಮಾನ್ಯ ಗೂಗಲ್ ಖಾತೆ ಸಾಲದು, ಏಕೆಂದರೆ ಅದರಲ್ಲಿ ಕಾಂಟ್ಯಾಕ್ಟ್ ಪಟ್ಟಿಯನ್ನು ಇನ್ನೊಬ್ಬರೊಡನೆ ಹಂಚಿಕೊಳ್ಳುವ ಅನುಕೂಲವಿಲ್ಲ. ಒಂದೇ ಖಾತೆಯ ಪಾಸ್‌ವರ್ಡ್ ಅನ್ನು ಮನೆಮಂದಿಗೆಲ್ಲ ಕೊಡುವುದು ಪರಿಹಾರವಲ್ಲ. ಇಮೇಲ್, ಫೋಟೊ ಎಲ್ಲವೂ ಅದರ ಜೊತೆಗೇ ಹೋಗುತ್ತವೆ. ಇಂಥ ಮನೆಗೆ ನನ್ನ ಸಲಹೆ ನೆಕ್ಸ್ಟ್‌ಕ್ಲೌಡ್. 2016ರಿಂದ ಇರುವ ಈ ಮುಕ್ತ ತಂತ್ರಾಂಶದಲ್ಲಿ ಪ್ರತಿಯೊಬ್ಬರಿಗೂ ಸ್ವಂತ ಖಾತೆ ಇರುತ್ತದೆ, ಜೊತೆಗೆ ‘ಮನೆ’ ಎಂಬ ಒಂದು ವಿಳಾಸ ಪುಸ್ತಕವನ್ನು ಎಲ್ಲರಿಗೂ ಹಂಚಬಹುದು. ನೆಕ್ಸ್ಟ್‌ಕ್ಲೌಡ್ ಅನ್ನು ನಡೆಸಿಕೊಡುವ ಸಂಸ್ಥೆಯೊಂದರಲ್ಲಿ ಖಾತೆ ತೆರೆಯಬಹುದು, ಇಲ್ಲವೇ ಮನೆಯಲ್ಲೇ ಸದಾ ಆನ್ ಇರುವ ಒಂದು ಕಂಪ್ಯೂಟರ್‌ನಲ್ಲಿ ಅದನ್ನು ಸ್ಥಾಪಿಸಬಹುದು. ಮನೆಯಲ್ಲೇ ನಡೆಸುವ ಉತ್ಸಾಹ ಒಳ್ಳೆಯದು, ಆದರೆ ಕರೆಂಟ್ ಹೋಗುವುದು, ಡಿಸ್ಕ್ ಕೆಡುವುದು, ತಂತ್ರಾಂಶವನ್ನು ಆಗಾಗ ಅಪ್‌ಡೇಟ್ ಮಾಡುವುದು ಎಲ್ಲವೂ ಆಗ ನಿಮ್ಮ ಹೊಣೆಯಾಗುತ್ತದೆ. ಲಿನಕ್ಸ್ ಸರ್ವರ್ ನೋಡಿಕೊಂಡು ಅಭ್ಯಾಸವಿಲ್ಲದಿದ್ದರೆ ಮೊದಲ ದಾರಿಯನ್ನೇ ಹಿಡಿಯಿರಿ.

ಎರಡನ್ನೂ ಒಟ್ಟಿಗೆ ನಡೆಸುತ್ತೇನೆ, ಗೂಗಲ್‌ನಲ್ಲೂ ಇರಲಿ, ನೆಕ್ಸ್ಟ್‌ಕ್ಲೌಡ್‌ನಲ್ಲೂ ಇರಲಿ ಎಂದು ಮಾತ್ರ ಹೊರಡಬೇಡಿ. ಎರಡು ಅಸಲುಗಳಿದ್ದರೆ ಒಂದೂ ಅಸಲಲ್ಲ.

ಹಂತ 2: ಇರುವುದನ್ನೆಲ್ಲ ಎಕ್ಸ್‌ಪೋರ್ಟ್ ಮಾಡಿ, ಮುಟ್ಟದೆ ಇಡಿ

ಯಾವುದನ್ನೂ ಬದಲಿಸುವ ಮೊದಲು ಪ್ರತಿ ಯಂತ್ರದಲ್ಲಿರುವ ಪಟ್ಟಿಯನ್ನು ವಿಕಾರ್ಡ್ ರೂಪದಲ್ಲಿ ಹೊರತೆಗೆದು, ಯಂತ್ರದ ಹೆಸರು ಮತ್ತು ದಿನಾಂಕ ಹಾಕಿದ ಫೈಲ್‌ಗಳಾಗಿ ಒಂದು ಫೋಲ್ಡರ್‌ನಲ್ಲಿ ಇಡಿ. ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶದಲ್ಲಿ ವಿಳಾಸ ಪುಸ್ತಕದ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿದರೆ ‘ಎಕ್ಸ್‌ಪೋರ್ಟ್’ ಸಿಗುತ್ತದೆ; ಮ್ಯಾಕ್‌ನ ಕಾಂಟ್ಯಾಕ್ಟ್ಸ್‌ನಲ್ಲಿ ‘ಫೈಲ್’ ಮೆನುವಿನಲ್ಲಿದೆ; ಗೂಗಲ್ ಕಾಂಟ್ಯಾಕ್ಟ್ಸ್‌ನ ಜಾಲತಾಣದಲ್ಲಿ ‘ಎಕ್ಸ್‌ಪೋರ್ಟ್’ ಒತ್ತಿದಾಗ ಬರುವ ಮೂರು ಆಯ್ಕೆಗಳಲ್ಲಿ ವಿಕಾರ್ಡ್ ಅನ್ನು ಆರಿಸಿ.

ಸಿಮ್ ಕಾರ್ಡ್‌ನಲ್ಲಿ ಉಳಿಸಿಕೊಂಡ ನಂಬರ್‌ಗಳನ್ನು ಮರೆಯಬೇಡಿ. ನಮ್ಮಲ್ಲಿ ಹಿರಿಯರ ಫೋನ್‌ಗಳಲ್ಲಿ ಬಹಳಷ್ಟು ಹೆಸರುಗಳು ಸಿಮ್‌ನಲ್ಲೋ ‘ಡಿವೈಸ್’ ಎಂದು ತೋರಿಸುವ ಫೋನ್‌ನ ಸ್ವಂತ ಸ್ಮೃತಿಯಲ್ಲೋ ಕುಳಿತಿರುತ್ತವೆ. ಇವೆರಡೂ ಸಾಮಾನ್ಯವಾಗಿ ತಾವಾಗಿಯೇ ಯಾವ ಸರ್ವರ್‌ಗೂ ಸಿಂಕ್ ಆಗುವುದಿಲ್ಲ. ಸಿಮ್‌ನಲ್ಲಿ ಹೆಸರಿಗೆ ಇರುವ ಜಾಗವೂ ಬಹಳ ಕಡಿಮೆಯಾದ್ದರಿಂದ ಕನ್ನಡದಲ್ಲಿ ಬರೆದ ಹೆಸರು ಅರ್ಧಕ್ಕೇ ತುಂಡಾಗಿರಬಹುದು. ಫೋನ್‌ನ ಕಾಂಟ್ಯಾಕ್ಟ್ಸ್ ಆ್ಯಪ್‌ನಲ್ಲಿ ಸಿಮ್‌ನಿಂದ ಇಂಪೋರ್ಟ್ ಮಾಡುವ ಆಯ್ಕೆಯನ್ನು ಬಳಸಿ ಅವನ್ನು ಖಾತೆಗೆ ಸೇರಿಸಿದ ಮೇಲೆಯೇ ಎಕ್ಸ್‌ಪೋರ್ಟ್ ಮಾಡಿ.

ಹಂತ 3: ಒಂದು ಕಡೆ ಸೇರಿಸಿ, ಅಲ್ಲಿಯೇ ಸ್ವಚ್ಛಗೊಳಿಸಿ

ಹೆಚ್ಚು ಸಮಯ ತೆಗೆದುಕೊಳ್ಳುವ ಹಂತ ಇದೇ, ಅವಸರ ಮಾಡುವವರು ಎಡವುವುದೂ ಇಲ್ಲಿಯೇ. ಎಲ್ಲ ಫೈಲ್‌ಗಳನ್ನೂ ನೀವು ಆರಿಸಿಕೊಂಡ ಅಸಲು ಜಾಗಕ್ಕೆ ಮಾತ್ರ, ಅದರ ಜಾಲತಾಣದ ಮೂಲಕವೇ ಇಂಪೋರ್ಟ್ ಮಾಡಿ. ನೆಕ್ಸ್ಟ್‌ಕ್ಲೌಡ್‌ನವರು ಹಂತ 4ರಲ್ಲಿ ಹೇಳಿರುವ ‘ಮನೆ’ ಪುಸ್ತಕವನ್ನು ಮೊದಲೇ ರಚಿಸಿಕೊಂಡು ಅದಕ್ಕೇ ಇಂಪೋರ್ಟ್ ಮಾಡಿ. ಬೇರೆ ಯಂತ್ರಗಳನ್ನು ಇನ್ನೂ ಜೋಡಿಸಬೇಡಿ. ಒಂದೇ ಹೆಸರು ಹಲವು ಸಲ ಬಂದಿರುವುದನ್ನು ಈಗಲೇ ಒಂದಾಗಿಸಬೇಕು. ಗೂಗಲ್‌ನಲ್ಲಿ ‘ಮರ್ಜ್ ಆ್ಯಂಡ್ ಫಿಕ್ಸ್’ ಎಂಬ ಸೌಲಭ್ಯ ಇದಕ್ಕಾಗಿಯೇ ಇದೆ. ಆದರೆ ‘ಎಲ್ಲವನ್ನೂ ಮರ್ಜ್ ಮಾಡು’ ಎಂಬ ಗುಂಡಿಯನ್ನು ಕಣ್ಣುಮುಚ್ಚಿ ಒತ್ತಬೇಡಿ, ಏಕೆಂದರೆ ಒಂದೇ ಲ್ಯಾಂಡ್‌ಲೈನ್ ಹಂಚಿಕೊಂಡಿರುವ ಅಣ್ಣತಮ್ಮಂದಿರೂ ಆ ಪಟ್ಟಿಯಲ್ಲಿ ಬಂದಿರಬಹುದು.

ನಂಬರ್‌ಗಳನ್ನು ಒಂದೇ ಕ್ರಮಕ್ಕೆ ತನ್ನಿ. ಒಂದೇ ಮೊಬೈಲ್ ನಂಬರ್ ಒಂದು ಕಡೆ ಹತ್ತು ಅಂಕಿಗಳಲ್ಲಿ, ಇನ್ನೊಂದು ಕಡೆ ಮುಂದೆ ಸೊನ್ನೆ ಸೇರಿಸಿ, ಮತ್ತೊಂದು ಕಡೆ +91 ಸೇರಿಸಿ ಇದ್ದರೆ ಕೆಲವು ತಂತ್ರಾಂಶಗಳು ಅವನ್ನು ಮೂರು ನಂಬರ್ ಎಂದೇ ಎಣಿಸುತ್ತವೆ. ಅಮೆರಿಕದಲ್ಲಿರುವ ಮಗ ಅಲ್ಲಿಂದ ಡಯಲ್ ಮಾಡುವ ಅಭ್ಯಾಸದಂತೆ 011 91 ಎಂದು ಶುರು ಮಾಡಿ ಉಳಿಸಿದ ನಂಬರ್ ಊರಿನಲ್ಲಿರುವ ನಿಮ್ಮ ಫೋನ್‌ನಿಂದ ಹೋಗುವುದೇ ಇಲ್ಲ. ಭಾರತದ ನಂಬರ್‌ಗಳನ್ನೆಲ್ಲ +91 ಎಂದು ಆರಂಭಿಸಿ. ಲ್ಯಾಂಡ್‌ಲೈನ್‌ಗಳಲ್ಲಿ ಎಸ್‌ಟಿಡಿ ಕೋಡ್‌ನ ಮೊದಲ ಸೊನ್ನೆಯನ್ನು ಬಿಡಬೇಕು: ಬೆಂಗಳೂರಿನ 080 ಎಂಬುದು +91 80 ಆಗುತ್ತದೆ, ಮೈಸೂರಿನ 0821 ಎಂಬುದು +91 821 ಆಗುತ್ತದೆ. ಹೀಗೆ ಬರೆದ ನಂಬರ್ ದೇಶದ ಒಳಗಿನಿಂದಲೂ ಹೊರಗಿನಿಂದಲೂ ಒಂದೇ ರೀತಿ ಕೆಲಸ ಮಾಡುತ್ತದೆ.

ಹೆಸರಿನ ವಿಷಯ ನಮಗೆ ಇನ್ನಷ್ಟು ಸೂಕ್ಷ್ಮ. ವಿಕಾರ್ಡ್ ನಮೂನೆಯು ಹೆಸರನ್ನು ಕುಲನಾಮ, ಕೊಟ್ಟ ಹೆಸರು ಎಂದು ಭಾಗ ಮಾಡಿಕೊಳ್ಳುತ್ತದೆ. ಪೂರ್ಣವಾಗಿ ತೋರಿಸಬೇಕಾದ ಹೆಸರಿಗೆ ಬೇರೆಯೇ ಒಂದು ಜಾಗವಿದೆ. ನಮ್ಮಲ್ಲಿ ಎಷ್ಟೋ ಜನರಿಗೆ ಕುಲನಾಮವೇ ಇಲ್ಲ, ಊರಿನ ಮತ್ತು ತಂದೆಯ ಹೆಸರಿನ ಮೊದಲ ಅಕ್ಷರಗಳಿವೆ, ಅವು ಹೆಸರಿನ ಮುಂದೆಯೂ ಬರಬಹುದು, ಹಿಂದೆಯೂ ಬರಬಹುದು. ‘ಕೆ. ಎನ್. ಸುಬ್ಬಣ್ಣ’ ಎಂಬ ಹೆಸರನ್ನು ಒಂದು ಯಂತ್ರ ಹಾಗೆಯೇ ತೋರಿಸಿದರೆ ಮತ್ತೊಂದು ‘ಸುಬ್ಬಣ್ಣ, ಕೆ. ಎನ್.’ ಎಂದು ತಿರುಗಿಸಿ ತೋರಿಸಬಹುದು. ತೊಂದರೆಯಿಲ್ಲದ ಕ್ರಮವೆಂದರೆ ಇಡೀ ಹೆಸರನ್ನು, ಇನಿಷಿಯಲ್ ಸಮೇತ, ಕೊಟ್ಟ ಹೆಸರಿನ ಜಾಗದಲ್ಲೇ ಬರೆದು ಕುಲನಾಮದ ಜಾಗವನ್ನು ಖಾಲಿ ಬಿಡುವುದು. ಪಾಟೀಲ, ಹೆಗಡೆ, ಶೆಟ್ಟಿ ಮುಂತಾದ ಕುಲನಾಮ ಇರುವವರಿಗೆ ಮಾತ್ರ ಎರಡನೆಯ ಜಾಗವನ್ನು ಬಳಸಿ. ‘ಗ್ಯಾಸ್ ರಮೇಶ’, ‘ತಿಪಟೂರು ಅತ್ತೆ’ ಎಂಬಂಥ ಹೆಸರುಗಳನ್ನು ತಿದ್ದುವ ಅಗತ್ಯವಿಲ್ಲ; ಮನೆಯವರೆಲ್ಲ ಹುಡುಕುವುದು ಆ ಹೆಸರಿನಿಂದಲೇ.

ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದರೆ ಇಂಗ್ಲಿಷ್ ಕೀಲಿಮಣೆಯಲ್ಲಿ ಟೈಪ್ ಮಾಡಿ ಹುಡುಕಿದಾಗ ಸಿಗುವುದಿಲ್ಲ ಎಂಬುದು ಹಲವರ ದೂರು. ಅದಕ್ಕಾಗಿ ಕನ್ನಡವನ್ನು ಬಿಡಬೇಕಿಲ್ಲ. ವಿಕಾರ್ಡ್‌ನಲ್ಲಿ ಅಡ್ಡಹೆಸರಿಗೆಂದು ‘ನಿಕ್‌ನೇಮ್’ ಎಂಬ ಜಾಗ ಇದೆ. ಅಲ್ಲಿ ಇಂಗ್ಲಿಷ್ ಅಕ್ಷರಗಳ ರೂಪವನ್ನು ಬರೆದಿಟ್ಟರೆ ಬಹಳಷ್ಟು ತಂತ್ರಾಂಶಗಳಲ್ಲಿ ಎರಡೂ ಲಿಪಿಗಳಲ್ಲಿ ಹುಡುಕಬಹುದು.

ಎಚ್ಚರಿಕೆ: ಪಟ್ಟಿಯನ್ನು ಸ್ವಚ್ಛಗೊಳಿಸಲು ಎಕ್ಸೆಲ್ ಬಳಸಬೇಡಿ. ಕಾಂಟ್ಯಾಕ್ಟ್‌ಗಳ ಸಿಎಸ್‌ವಿ ಫೈಲ್ ಅನ್ನು, ಅಂದರೆ ಅಲ್ಪವಿರಾಮಗಳಿಂದ ಬೇರ್ಪಡಿಸಿದ ಪಟ್ಟಿಯನ್ನು, ಎರಡು ಬಾರಿ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದರೆ ಹನ್ನೆರಡು ಅಂಕಿಯ ನಂಬರ್ 9.19 ಎಂದು ಆರಂಭವಾಗುವ ಘಾತಾಂಕದ ರೂಪಕ್ಕೆ ತಿರುಗಬಹುದು, ಮೊದಲ ಸೊನ್ನೆಗಳು ಮಾಯವಾಗುತ್ತವೆ, ಫೈಲ್‌ನ ಅಕ್ಷರ ಸಂಕೇತವನ್ನು, ಅಂದರೆ ಅಕ್ಷರಗಳನ್ನು ಅಂಕಿಗಳಾಗಿ ಬರೆದಿಡುವ ಕ್ರಮವನ್ನು, ತಪ್ಪಾಗಿ ಊಹಿಸಿದಾಗ ಕನ್ನಡ ಹೆಸರುಗಳೆಲ್ಲ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳಾಗುತ್ತವೆ. ಹಾಗೆಯೇ ಉಳಿಸಿಬಿಟ್ಟರೆ ಹೋದದ್ದು ಮತ್ತೆ ಬರುವುದಿಲ್ಲ.

ಇನ್ನೊಂದು ಕಾಟ ಹಳೆಯ ಫೋನ್‌ಗಳದು. ಅವು ವಿಕಾರ್ಡ್‌ನ 2.1 ಆವೃತ್ತಿಯಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ಕನ್ನಡದ ಒಂದೊಂದು ಅಕ್ಷರಕ್ಕೂ ಸಮಚಿಹ್ನೆ ಮತ್ತು ಸಂಕೇತಗಳಿಂದ ಕೂಡಿದ ಮೂರು ಗುಂಪುಗಳನ್ನು ಬರೆಯುತ್ತವೆ. ‘ಕ’ ಎಂಬ ಒಂದೇ ಅಕ್ಷರ ‘=ಇ0=ಬಿ2=95’ ಎಂಬ ಸಾಲಾಗುತ್ತದೆ, ಅದೂ ರೋಮನ್ ಅಕ್ಷರಗಳಲ್ಲಿ. ಫೈಲ್ ಕೆಟ್ಟಿದೆ ಎಂದು ಎಸೆಯಬೇಡಿ. ಅದನ್ನು ಆಂಡ್ರಾಯ್ಡ್ ಫೋನ್‌ನ ಕಾಂಟ್ಯಾಕ್ಟ್ಸ್ ಆ್ಯಪ್‌ನಲ್ಲಿ ಇಂಪೋರ್ಟ್ ಮಾಡಿದರೆ ಹೆಸರುಗಳು ಸಾಮಾನ್ಯವಾಗಿ ಸರಿಯಾಗಿ ಓದಿಸಿಕೊಳ್ಳುತ್ತವೆ. ಅಲ್ಲಿಂದ ಖಾತೆಗೆ ಹೋದ ಮೇಲೆ ಜಾಲತಾಣದಿಂದ ಹೊಸದಾಗಿ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ.

ಹಂತ 4: ನೆಕ್ಸ್ಟ್‌ಕ್ಲೌಡ್ ಆರಿಸಿಕೊಂಡವರ ಸಿದ್ಧತೆ

ಗೂಗಲ್ ಖಾತೆ ಬಳಸುವವರು ಈ ಹಂತವನ್ನು ಬಿಟ್ಟು ಮುಂದೆ ಹೋಗಬಹುದು. ನೆಕ್ಸ್ಟ್‌ಕ್ಲೌಡ್‌ನ ಜಾಲಪುಟದಲ್ಲಿ ‘ಕಾಂಟ್ಯಾಕ್ಟ್ಸ್’ ಆ್ಯಪ್ ಇದೆಯೇ ನೋಡಿ. ಇಲ್ಲದಿದ್ದರೆ ನಿರ್ವಾಹಕರು ಅದನ್ನು ಸೇರಿಸಬೇಕು. ಅದರ ಸೆಟ್ಟಿಂಗ್ಸ್‌ನಲ್ಲಿ ‘ಮನೆ’ ಎಂಬ ಹೊಸ ವಿಳಾಸ ಪುಸ್ತಕವನ್ನು ರಚಿಸಿ, ಹಂಚಿಕೊಳ್ಳುವ ಗುರುತನ್ನು ಒತ್ತಿ, ಮನೆಯ ಇತರ ಸದಸ್ಯರ ಖಾತೆಗಳನ್ನು ಸೇರಿಸಿ. ತಿದ್ದುವ ಅನುಮತಿಯನ್ನೂ ಕೊಡಬೇಕು. ಅದನ್ನು ಕೊಡದೆ ಬಿಟ್ಟರೆ ನಿಮ್ಮ ಮಡದಿ ತಮ್ಮ ಲ್ಯಾಪ್‌ಟಾಪ್‌ನಲ್ಲಿ ನಂಬರ್ ತಿದ್ದಿದರೂ ಸರ್ವರ್ ಅದನ್ನು ಒಪ್ಪುವುದಿಲ್ಲ, ಮುಂದಿನ ಸಿಂಕ್‌ನಲ್ಲಿ ಹಳೆಯ ನಂಬರೇ ಮತ್ತೆ ಕಾಣಿಸಬಹುದು.

ಬಳಿಕ ‘ಸೆಕ್ಯುರಿಟಿ’ ಪುಟಕ್ಕೆ ಹೋಗಿ ಪ್ರತಿ ಯಂತ್ರಕ್ಕೂ ಒಂದೊಂದು ಆ್ಯಪ್ ಪಾಸ್‌ವರ್ಡ್ ರಚಿಸಿಕೊಳ್ಳಿ. ನಿಮ್ಮ ಮುಖ್ಯ ಪಾಸ್‌ವರ್ಡ್ ಬದಲಿಗೆ ಒಂದು ತಂತ್ರಾಂಶಕ್ಕೆಂದೇ ಕೊಡುವ ಪ್ರತ್ಯೇಕ ಗುಪ್ತಪದವಿದು. ಲ್ಯಾಪ್‌ಟಾಪ್ ಕಳೆದುಹೋದರೆ ಅದರ ಪಾಸ್‌ವರ್ಡ್ ಒಂದನ್ನೇ ರದ್ದು ಮಾಡಬಹುದು, ಉಳಿದ ಯಂತ್ರಗಳಿಗೆ ಏನೂ ಆಗುವುದಿಲ್ಲ. ಎರಡು ಹಂತದ ದೃಢೀಕರಣವನ್ನು ಇಟ್ಟುಕೊಂಡವರಿಗೆ ಇದಿಲ್ಲದೆ ಕಾರ್ಡ್‌ಡ್ಯಾವ್ ಸಂಪರ್ಕವೇ ಸಿಗುವುದಿಲ್ಲ. ‘ಪಾಸ್‌ವರ್ಡ್ ಸರಿಯಾಗಿಯೇ ಹಾಕಿದ್ದೇನೆ, ಆದರೂ ತಿರಸ್ಕರಿಸುತ್ತಿದೆ’ ಎಂಬ ದೂರಿಗೆ ಬಹಳ ಸಲ ಕಾರಣ ಇದೇ.

ಹಂತ 5: ಒಂದೊಂದೇ ಯಂತ್ರವನ್ನು ಜೋಡಿಸಿ

ಎಲ್ಲ ಕಂಪ್ಯೂಟರ್‌ಗಳಲ್ಲೂ ಥಂಡರ್‌ಬರ್ಡ್ ಬಳಸುವುದು ಅತ್ಯಂತ ಸುಲಭದ ದಾರಿ. ಅದು ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರಕ್ಕೂ ಉಚಿತವಾಗಿ ಸಿಗುತ್ತದೆ, ಮೂರರಲ್ಲೂ ಒಂದೇ ರೀತಿ ಕಾಣುತ್ತದೆ ಮತ್ತು ಕಾರ್ಡ್‌ಡ್ಯಾವ್ ಅದರೊಳಗೇ ಇದೆ. 2022ರಲ್ಲಿ ಬಂದ 102ನೆಯ ಆವೃತ್ತಿ ಅಥವಾ ಅದಕ್ಕಿಂತ ಹೊಸದು ಇರಲಿ.

ವಿಳಾಸ ಪುಸ್ತಕವನ್ನು ತೆರೆದು, ಹೊಸ ವಿಳಾಸ ಪುಸ್ತಕ ಸೇರಿಸುವ ಗುಂಡಿಯ ಪಕ್ಕದ ಬಾಣವನ್ನು ಒತ್ತಿ, ಕಾರ್ಡ್‌ಡ್ಯಾವ್ ಎಂಬುದನ್ನು ಆರಿಸಿ. ಬಳಕೆದಾರರ ಹೆಸರು ಮತ್ತು ಸರ್ವರ್‌ನ ವಿಳಾಸ ಕೇಳುತ್ತದೆ. ಗೂಗಲ್‌ನವರು ಜಿಮೇಲ್ ವಿಳಾಸವನ್ನು ಕೊಟ್ಟರೆ ಗೂಗಲ್‌ನ ಲಾಗಿನ್ ಕಿಟಕಿ ತೆರೆಯುತ್ತದೆ. ನೆಕ್ಸ್ಟ್‌ಕ್ಲೌಡ್‌ನವರು ತಮ್ಮ ಸರ್ವರ್‌ನ ಜಾಲವಿಳಾಸ, ಬಳಕೆದಾರರ ಹೆಸರು, ಆ್ಯಪ್ ಪಾಸ್‌ವರ್ಡ್ ಕೊಡಬೇಕು. ಸರ್ವರ್‌ನಲ್ಲಿರುವ ಪುಸ್ತಕಗಳ ಪಟ್ಟಿ ಬಂದಾಗ ಬೇಕಾದುದಕ್ಕೆ ಗುರುತು ಹಾಕಿ ಮುಂದುವರಿಯಿರಿ.

ಇಲ್ಲೊಂದು ಹಳ್ಳವಿದೆ. ಥಂಡರ್‌ಬರ್ಡ್‌ನಲ್ಲಿ ‘ಪರ್ಸನಲ್ ಅಡ್ರೆಸ್ ಬುಕ್’ ಮತ್ತು ‘ಕಲೆಕ್ಟೆಡ್ ಅಡ್ರೆಸಸ್’ ಎಂಬ ಎರಡು ಪುಸ್ತಕಗಳು ಮೊದಲಿನಿಂದಲೇ ಇರುತ್ತವೆ ಮತ್ತು ಅವು ಆ ಯಂತ್ರದಲ್ಲಿ ಮಾತ್ರ ಇರುತ್ತವೆ. ಹೊಸ ಹೆಸರನ್ನು ಅವಸರದಲ್ಲಿ ಸೇರಿಸಿದರೆ ಅದು ಪರ್ಸನಲ್ ಪುಸ್ತಕಕ್ಕೆ ಹೋಗಿ ಬೇರೆಲ್ಲೂ ಕಾಣುವುದಿಲ್ಲ. ಆಗ ಸಿಂಕ್ ಕೆಟ್ಟಿದೆ ಎಂದು ತಿಳಿಯುವವರೇ ಹೆಚ್ಚು. ಹೊಸ ಕಾಂಟ್ಯಾಕ್ಟ್ ಬರೆಯುವಾಗ ಯಾವ ಪುಸ್ತಕಕ್ಕೆ ಸೇರಬೇಕು ಎಂಬ ಆಯ್ಕೆಯನ್ನು ಪ್ರತಿಸಲವೂ ನೋಡಿಕೊಳ್ಳಿ. ನೀವು ಇಮೇಲ್ ಕಳಿಸಿದವರ ವಿಳಾಸಗಳನ್ನು ತಾನಾಗಿ ಕೂಡಿಡುವ ಏರ್ಪಾಡನ್ನು ಸೆಟ್ಟಿಂಗ್ಸ್‌ನ ‘ಕಂಪೋಸಿಷನ್’ ಭಾಗದಲ್ಲಿ ನಿಲ್ಲಿಸಬಹುದು.

ಮ್ಯಾಕ್‌ನಲ್ಲಿ ಅದರದೇ ಕಾಂಟ್ಯಾಕ್ಟ್ಸ್ ಬೇಕೆನ್ನುವವರು ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ‘ಇಂಟರ್ನೆಟ್ ಅಕೌಂಟ್ಸ್’ ತೆರೆಯಿರಿ. ಗೂಗಲ್ ಆದರೆ ನೇರವಾಗಿ ಅದರ ಹೆಸರನ್ನೇ ಆರಿಸಿ ಕಾಂಟ್ಯಾಕ್ಟ್ಸ್ ಎಂಬುದನ್ನು ಆನ್ ಮಾಡಬಹುದು. ನೆಕ್ಸ್ಟ್‌ಕ್ಲೌಡ್ ಆದರೆ ಇತರ ಖಾತೆಗಳ ಪಟ್ಟಿಯಲ್ಲಿ ಕಾರ್ಡ್‌ಡ್ಯಾವ್ ಆರಿಸಿ ವಿವರ ಕೊಡಿ. ಅನಂತರ ಕಾಂಟ್ಯಾಕ್ಟ್ಸ್‌ನ ಸೆಟ್ಟಿಂಗ್ಸ್‌ಗೆ ಹೋಗಿ ‘ಡೀಫಾಲ್ಟ್ ಅಕೌಂಟ್’ ಅನ್ನು ಈ ಹೊಸ ಖಾತೆಗೆ ಬದಲಿಸಿ, ಇಲ್ಲದಿದ್ದರೆ ಹೊಸ ಹೆಸರುಗಳು ಆಪಲ್‌ನ ಸ್ವಂತ ಸೇವೆಯಾದ ಐಕ್ಲೌಡ್‌ಗೋ ಮ್ಯಾಕ್‌ನೊಳಕ್ಕೋ ಹೋಗುತ್ತಿರುತ್ತವೆ.

ಉಬುಂಟುವಿನ ಸೆಟ್ಟಿಂಗ್ಸ್‌ನಲ್ಲಿರುವ ‘ಆನ್‌ಲೈನ್ ಅಕೌಂಟ್ಸ್’ ಮೂಲಕ ಗೂಗಲ್ ಅಥವಾ ನೆಕ್ಸ್ಟ್‌ಕ್ಲೌಡ್ ಸೇರಿಸಿದರೆ ಗ್ನೋಮ್ ಕಾಂಟ್ಯಾಕ್ಟ್ಸ್ ಎಂಬ ವಿಳಾಸ ಪುಸ್ತಕ ಮತ್ತು ಎವಲ್ಯೂಷನ್ ಎಂಬ ಇಮೇಲ್ ತಂತ್ರಾಂಶ ಅದನ್ನು ಓದಿಕೊಳ್ಳುತ್ತವೆ. ಥಂಡರ್‌ಬರ್ಡ್ ಮಾತ್ರ ಅಲ್ಲಿ ಸೇರಿಸಿದ್ದನ್ನು ನೋಡುವುದಿಲ್ಲ. ಅದಕ್ಕೆ ಮೇಲೆ ಹೇಳಿದಂತೆ ಬೇರೆಯಾಗಿಯೇ ಜೋಡಿಸಬೇಕು.

ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್‌ನ ಇಮೇಲ್ ತಂತ್ರಾಂಶವಾದ ಔಟ್‌ಲುಕ್‌ಗೆ ಅಂಟಿಕೊಂಡವರಿಗೆ ಕಷ್ಟ ಸ್ವಲ್ಪ ಹೆಚ್ಚು, ಏಕೆಂದರೆ ಔಟ್‌ಲುಕ್ ತಾನಾಗಿ ಕಾರ್ಡ್‌ಡ್ಯಾವ್ ಬಲ್ಲದಲ್ಲ. ಹಳೆಯ ಕ್ಲಾಸಿಕ್ ಔಟ್‌ಲುಕ್‌ಗೆ ‘ಔಟ್‌ಲುಕ್ ಕ್ಯಾಲ್‌ಡ್ಯಾವ್ ಸಿಂಕ್ರೊನೈಸರ್’ ಎಂಬ ಉಚಿತ ಪೂರಕ ತಂತ್ರಾಂಶ ಇದೆ. ಹೊಸ ಔಟ್‌ಲುಕ್‌ನಲ್ಲಿ ಅದು ನಡೆಯುವುದಿಲ್ಲ.

ಇನ್ನು ಫೋನ್‌ಗಳು. ಗೂಗಲ್ ಖಾತೆಯಾದರೆ ಆಂಡ್ರಾಯ್ಡ್‌ನಲ್ಲಿ ಬೇರೇನೂ ಬೇಕಿಲ್ಲ. ನೆಕ್ಸ್ಟ್‌ಕ್ಲೌಡ್‌ಗೆ ‘ಡ್ಯಾವ್‌ಎಕ್ಸ್5’ ಎಂಬ ಆ್ಯಪ್ ಬೇಕು. ಪ್ಲೇ ಸ್ಟೋರ್‌ನಲ್ಲಿ ಅದಕ್ಕೆ ಹಣ ಕೊಡಬೇಕು, ಮುಕ್ತ ತಂತ್ರಾಂಶಗಳ ಆ್ಯಪ್ ಭಂಡಾರವಾದ ಎಫ್-ಡ್ರಾಯ್ಡ್‌ನಲ್ಲಿ ಅದೇ ಆ್ಯಪ್ ಉಚಿತ. ಅದರಲ್ಲಿ ಗುಂಪುಗಳನ್ನು ಇಡುವ ವಿಧಾನವನ್ನು ಕೇಳಿದಾಗ, ಗುಂಪಿನ ಹೆಸರು ಪ್ರತಿ ಕಾಂಟ್ಯಾಕ್ಟ್‌ನೊಳಗೇ ವರ್ಗವಾಗಿ ಇರುವ ಆಯ್ಕೆಯನ್ನು ಆರಿಸಿ; ನೆಕ್ಸ್ಟ್‌ಕ್ಲೌಡ್ ಬಳಸುವುದು ಅದನ್ನೇ. ಬ್ಯಾಟರಿ ಉಳಿಸುವ ನೆಪದಲ್ಲಿ ಕೆಲವು ಫೋನ್‌ಗಳು ಹಿನ್ನೆಲೆಯ ಆ್ಯಪ್‌ಗಳನ್ನು ನಿಲ್ಲಿಸಿಬಿಡುವುದರಿಂದ ಇದಕ್ಕೆ ಆ ನಿರ್ಬಂಧದಿಂದ ವಿನಾಯಿತಿ ಕೊಡಿ. ಐಫೋನ್‌ನಲ್ಲಿ ಕಾಂಟ್ಯಾಕ್ಟ್ಸ್‌ನ ಸೆಟ್ಟಿಂಗ್ಸ್‌ನೊಳಗಿನ ಖಾತೆಗಳ ವಿಭಾಗದಲ್ಲಿ ಕಾರ್ಡ್‌ಡ್ಯಾವ್ ಖಾತೆಯನ್ನು ನೇರವಾಗಿ ಸೇರಿಸಬಹುದು. ಯಾವ ಫೋನ್ ಆದರೂ ಹೊಸ ನಂಬರ್ ಉಳಿಯುವ ಖಾತೆ ಯಾವುದು ಎಂಬುದನ್ನು ಒಮ್ಮೆ ತೆರೆದು ನೋಡಿ ಸರಿಪಡಿಸಿ.

ಹಂತ 6: ಪರೀಕ್ಷಿಸಿ

ಒಂದು ಯಂತ್ರ ಜೋಡಿಸಿದ ಕೂಡಲೇ ಪರೀಕ್ಷಿಸಿ, ಆಮೇಲೆ ಮುಂದಿನದಕ್ಕೆ ಕೈಹಾಕಿ. ಸರ್ವರ್‌ನ ಜಾಲಪುಟದಲ್ಲಿ ‘ಪರೀಕ್ಷೆ ಸೂರ್ಯಕೃಷ್ಣ’ ಎಂಬ ಹೆಸರು ಸೇರಿಸಿ. ಒತ್ತಕ್ಷರ, ಅರ್ಕಾವತ್ತು, ವಟ್ರಸುಳಿ ಇರುವ ಇಂಥ ಹೆಸರು ಸರಿಯಾಗಿ ಬಂದರೆ ಅಕ್ಷರ ಸಂಕೇತದ ತೊಂದರೆಯಿಲ್ಲ ಎಂದರ್ಥ. ವಿಂಡೋಸ್‌ನಲ್ಲಿ ಅದಕ್ಕೊಂದು ನಂಬರ್ ಕೊಡಿ, ಉಬುಂಟುವಿನಲ್ಲಿ ಆ ನಂಬರ್ ಬದಲಿಸಿ, ಮ್ಯಾಕ್‌ನಲ್ಲಿ ಅಳಿಸಿ. ಸಿಂಕ್ ಕ್ಷಣಾರ್ಧದಲ್ಲಿ ಆಗುವುದಿಲ್ಲ, ತಂತ್ರಾಂಶಗಳು ತಮ್ಮದೇ ಅಂತರದಲ್ಲಿ ಸರ್ವರ್ ಅನ್ನು ವಿಚಾರಿಸುತ್ತವೆ. ಕಾಯಲಾಗದಿದ್ದರೆ ಥಂಡರ್‌ಬರ್ಡ್‌ನಲ್ಲಿ ಪುಸ್ತಕದ ಮೇಲೆ ಬಲ ಕ್ಲಿಕ್ ಮಾಡಿ ‘ಸಿಂಕ್ರೊನೈಸ್’ ಒತ್ತಿ.

ಹುಟ್ಟುಹಬ್ಬಗಳನ್ನು ಬರೆದಿಟ್ಟವರು 1604 ಎಂಬ ಇಸವಿಯನ್ನು ಕಂಡು ಗಾಬರಿಯಾಗಬೇಡಿ. ವರ್ಷ ಕೊಡದೆ ದಿನ, ತಿಂಗಳು ಮಾತ್ರ ಬರೆದಾಗ ಆಪಲ್‌ನ ತಂತ್ರಾಂಶ 1604 ಎಂದು ತುಂಬಿ, ‘ವರ್ಷ ತೋರಿಸಬೇಡ’ ಎಂಬ ತನ್ನದೇ ಗುರುತನ್ನು ಸೇರಿಸುತ್ತದೆ. ಆ ಗುರುತನ್ನು ಓದಲಾರದ ತಂತ್ರಾಂಶಗಳು ವರ್ಷವನ್ನು ಹಾಗೆಯೇ ತೋರಿಸುತ್ತವೆ. ಸಾಧ್ಯವಾದರೆ ನಿಜವಾದ ವರ್ಷವನ್ನೇ ಬರೆಯಿರಿ.

ಹಂತ 7: ಅಳಿಸುವಿಕೆಯೂ ಸಿಂಕ್ ಆಗುತ್ತದೆ

ಇದನ್ನು ಮನೆಯ ಎಲ್ಲರಿಗೂ ತಿಳಿಸಿ ಹೇಳಿ. ಹಳೆಯ ಡೆಸ್ಕ್‌ಟಾಪ್ ಮಾರುವ ಮೊದಲು ಅದರಲ್ಲಿರುವ ಹೆಸರುಗಳನ್ನೆಲ್ಲ ಆರಿಸಿ ಡಿಲೀಟ್ ಒತ್ತಿದರೆ ಅವು ಸರ್ವರ್‌ನಿಂದಲೂ, ಆ ಮೂಲಕ ಎಲ್ಲ ಫೋನ್‌ಗಳಿಂದಲೂ ಹೋಗುತ್ತವೆ. ಮಾಡಬೇಕಾದದ್ದು ಹೆಸರುಗಳನ್ನು ಅಳಿಸುವುದಲ್ಲ, ಆ ಯಂತ್ರದಿಂದ ಖಾತೆಯ ಜೋಡಣೆಯನ್ನು ತೆಗೆಯುವುದು. ಆಗ ಅಲ್ಲಿನ ನಕಲು ಮಾತ್ರ ಹೋಗುತ್ತದೆ. ನೆಕ್ಸ್ಟ್‌ಕ್ಲೌಡ್ ಬಳಸುವವರು ಆ ಯಂತ್ರದ ಆ್ಯಪ್ ಪಾಸ್‌ವರ್ಡ್ ಅನ್ನೂ ರದ್ದು ಮಾಡಿ.

ಗೂಗಲ್‌ನಲ್ಲಿ ಅಳಿಸಿದ ಹೆಸರು 30 ದಿನ ಕಸದಬುಟ್ಟಿಯಲ್ಲಿರುತ್ತದೆ, ಇಡೀ ಪಟ್ಟಿಯನ್ನೇ ಹಿಂದಿನ 30 ದಿನಗಳೊಳಗಿನ ಸ್ಥಿತಿಗೆ ಮರಳಿಸುವ ‘ಅನ್‌ಡೂ ಚೇಂಜಸ್’ ಕೂಡ ಇದೆ. ಆ ಅವಧಿ ಮುಗಿದ ಮೇಲೆ ಉಳಿಯುವುದು ನೀವೇ ತೆಗೆದಿಟ್ಟುಕೊಂಡ ವಿಸಿಎಫ್ ಫೈಲ್ ಮಾತ್ರ. ಆದ್ದರಿಂದ ತಿಂಗಳಿಗೊಮ್ಮೆ, ಕರೆಂಟ್ ಬಿಲ್ ಕಟ್ಟುವ ದಿನವೇ ಆಗಲಿ, ಅಸಲು ಪಟ್ಟಿಯನ್ನು ಎಕ್ಸ್‌ಪೋರ್ಟ್ ಮಾಡಿ ದಿನಾಂಕ ಹಾಕಿ ಬೇರೆ ಡಿಸ್ಕ್‌ನಲ್ಲಿ ಇಡಿ. ಹಳೆಯ ಫೈಲ್‌ನ ಮೇಲೆಯೇ ಹೊಸದನ್ನು ಬರೆಯಬೇಡಿ. ಹೆಸರು ಯಾವಾಗ ಕಾಣೆಯಾಯಿತು ಎಂಬುದು ಎಷ್ಟೋ ಸಲ ಎರಡು ಮೂರು ತಿಂಗಳ ನಂತರ ಗೊತ್ತಾಗುತ್ತದೆ. ಆ ಫೈಲ್‌ನಿಂದ ಒಂದಿಬ್ಬರನ್ನು ಮಾತ್ರ ಮರಳಿ ಪಡೆಯಬೇಕಾದಾಗ ಇಡೀ ಫೈಲ್ ಅನ್ನು ಸರ್ವರ್‌ಗೆ ಇಂಪೋರ್ಟ್ ಮಾಡದೆ, ಥಂಡರ್‌ಬರ್ಡ್‌ನಲ್ಲಿ ಸಿಂಕ್ ಆಗದ ಒಂದು ಹೊಸ ಸ್ಥಳೀಯ ಪುಸ್ತಕಕ್ಕೆ ಇಂಪೋರ್ಟ್ ಮಾಡಿ, ಬೇಕಾದ ಹೆಸರುಗಳನ್ನಷ್ಟೇ ಎಳೆದು ‘ಮನೆ’ ಪುಸ್ತಕಕ್ಕೆ ಹಾಕಿ, ಕೊನೆಗೆ ಆ ಸ್ಥಳೀಯ ಪುಸ್ತಕವನ್ನು ಅಳಿಸಿಬಿಡಿ.